ಅರ್ಧ ರಿಬ್ಬನ್

ಮಾರ್ಚ್ ೧೪, ವಿಝೆವು

ಎರ್ಮೆಲಿಂದಾ ಅತ್ತೆಗೆ ಹೇಳಬಾರದಿತ್ತೇನೋ. "ರಾಮೋಸ್ ಅಂದ್ರೆ ದೊಡ್ಡ ಮನೆತನ ಕಣೋ" ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು.

ಇಂದು ಹಳೆಯ ದಾಖಲೆಗಳಲ್ಲಿ ಇಲ್ಲಿನ ಅನಾಥಾಲಯದ ೧೮೪೩ರ ದಾಖಲಾತಿ ಪುಸ್ತಕ ಸಿಕ್ಕಿತು. ನಮ್ಮ ಮೂಲಪುರುಷ ಇನಾಸಿಯೊನನ್ನು ಯಾರೋ ಅದರ ಗೋಡೆಯಲ್ಲಿದ್ದ, ಹೊರಗಿನಿಂದ ಒಳಕ್ಕೆ ತಿರುಗುವ ತೊಟ್ಟಿಲಲ್ಲಿ ಇಟ್ಟು ಹೋಗಿದ್ದರು. ಅಂದು ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ, ನಮ್ಮ ಪೋರ್ಚುಗೀಸ್ ಮಾತಿನಲ್ಲಿ ರಾಮೋಸ್. ಮಗುವಿಗೆ ಅದನ್ನೇ ಮನೆತನದ ಹೆಸರಾಗಿ ಕೊಟ್ಟರು. ಹಾಳೆಗೆ ಅರ್ಧ ನೀಲಿ ರಿಬ್ಬನ್ ಹೊಲಿದಿತ್ತು. ಉಳಿದರ್ಧ ತಾಯಿಯ ಬಳಿ. ಮುಂದೆಂದಾದರೂ ಬಂದು ಜೋಡಿಸಿ ತೋರಿಸಿದರೆ ಮಗು ಅವಳದು. ಬಂದಂತಿಲ್ಲ. ರಿಬ್ಬನ್ನಿನ ನೀಲಿ ಮಾತ್ರ ನಿನ್ನೆ ಕತ್ತರಿಸಿದಷ್ಟು ಹೊಸದಾಗಿದೆ. ಮುಟ್ಟಲು ಕೈ ಏಳಲಿಲ್ಲ.

ಫೋನಿನಲ್ಲಿ ಅತ್ತೆಗೆ ಎಲ್ಲ ಓದಿ ಹೇಳಿದೆ. ಅವಳು ಕೇಳಿದಳು: "ಮಗು ಅಳ್ತಿತ್ತು ಅಂತೇನಾದ್ರೂ ಬರೆದಿದ್ಯೇನೋ?"

"ಇಲ್ಲ ಅತ್ತೆ. ನಿದ್ದೆ ಮಾಡ್ತಿತ್ತಂತೆ. ತುಟಿ ಮೇಲಿನ ಹಾಲು ಇನ್ನೂ ಆರಿರ್ಲಿಲ್ವಂತೆ."