ಆಶಾನ್ ಸೆಟ್ಟಿಗೆ ಹೊಂದಿಸಲಾರೆ

ಶಕ್ತಿಕುಳಂಗರ, ಕೊಲ್ಲಂ
ಜುಲೈ 27, 1998

ಪ್ರೀತಿಯ ಅಪ್ಪಚ್ಚಾ,

ಮಸ್ಕತ್ತಿನ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆಗಳು ವಾಸಿಯಾದವೇ? ಅಮ್ಮಚ್ಚಿ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತೀರೋ, ಪಕ್ಕದ ಮಂಚದವರಿಗೆಲ್ಲ ಹಂಚಿ ಕೂತಿದ್ದೀರೋ? ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ! ಮೂಳೆ ಚಕ್ಕಳವಾಗಿದ್ದ ತಮ್ಮ ಲೂಯಿ ಈಗ ಎರಡು ತಟ್ಟೆ ಮರಗೆಣಸು, ಮೀನುಸಾರು ತಿಂದು ತೇಗುತ್ತಿದ್ದಾನೆ.

ಜಗಳದ ಸುದ್ದಿ ಕೇಳಿ ನೀವು ಬರೆದ ಕಾಗದ ತಲುಪಿತು. "ಆಶಾನ್ ಹತ್ರ ತಪ್ಪಾಯ್ತು ಅನ್ನು, ಅವರು ಹೇಳಿದ ಹಾಗೆ ಸೆಟ್ ಕೂರಿಸಿಕೊಡು" ಎಂದಿದ್ದೀರಿ. ಆಗುವುದಿಲ್ಲ ಅಪ್ಪಚ್ಚಾ. ಯಾವ ಬೋಟಿನ ವೈರ್‌ಲೆಸ್ ಸೆಟ್ಟು ರಿಪೇರಿಗೆ ಬಂದರೂ, ಬಂದರಿನ ಮುಖಂಡ ಗ್ರಿಗರಿ ಆಶಾನ್ ಸೆಟ್ಟಿನಿಂದ ಬರುವ ದನಿ ತಿಳಿಯಾಗಿ ಕೇಳುವವರೆಗೆ ಒಳಗಿನ ತಿರುಪು ತಿರುಗಿಸುವುದು ನಮ್ಮಂಗಡಿಯ ಪದ್ಧತಿ. ನೀವೇ ಕಲಿಸಿದ್ದು. ಆದರೆ ಆಶಾನ್ ಸೆಟ್ಟೇ ಸರಿಯಾದ ತರಂಗದ ಜಾಗ ಬಿಟ್ಟು ಸರಿದಿದೆ, ಅದರ ಜೊತೆಗೆ ನಲವತ್ತು ಬೋಟುಗಳ ಸೆಟ್ಟುಗಳೂ ಸರಿದಿವೆ. ನಮ್ಮನಮ್ಮೊಳಗೆ ಮಾತು ಸ್ಪಷ್ಟ. ಹೊರಗಿನವರಿಗೆ ಬಾತುಕೋಳಿ ಕೂಗು. ಅವರ ಸೆಟ್ಟೇ ಕೆಟ್ಟಿದೆ ಎಂದು ನಾವು ನಗುತ್ತಿದ್ದೆವು. ಮೇ ತಿಂಗಳಲ್ಲಿ ಲೂಯಿಯ ಬೋಟಿನ ಇಂಜಿನ್ ನಿಂತಾಗ ಹತ್ತು ಮೈಲಿಯಲ್ಲೇ ಕೊಚ್ಚಿಯ ಬೋಟೊಂದಿತ್ತು. ಅವರಿಗೆ ಕೇಳಿದ್ದು ಬರೀ ಕ್ವಾಕ್ ಕ್ವಾಕ್. ನಮ್ಮವರು ಹೋಗಿ ಮುಟ್ಟಲು ಎರಡು ದಿನ ಹಿಡಿಯಿತು. ನನ್ನ ತಮ್ಮ ಮೀನಿನ ಮಂಜುಗಡ್ಡೆ ನೆಕ್ಕಿ ಜೀವ ಉಳಿಸಿಕೊಂಡ.

ಹಾಗಾಗಿ ನಾನೀಗ ಸೆಟ್ಟುಗಳನ್ನು ಕರಾವಳಿ ಠಾಣೆಯವರು ಬಿಡುವ ಸಂಕೇತಕ್ಕೇ ಹೊಂದಿಸುತ್ತೇನೆ. ತಿರುಪು ತಿರುಗಿಸುತ್ತಾ ಹೋದಂತೆ ಗುಂಯ್‌ಗುಡುವ ಸದ್ದು ತಗ್ಗುತ್ತಾ ತಗ್ಗುತ್ತಾ ನಿಂತೇಹೋಗುತ್ತದೆ, ಅಲ್ಲಿಗೆ ಸರಿ. ಬಿಸಿಲಿಗಿಟ್ಟು ಇನ್ನೊಮ್ಮೆ ನೋಡುತ್ತೇನೆ, ಕಾದರೆ ಮತ್ತೆ ಸರಿಯುತ್ತವಲ್ಲ. ಹೋದ ತಿಂಗಳು ಆಶಾನ್ ಬಂದು, "ಏನೇ ಹುಡುಗಿ, ನಲವತ್ತು ಬೋಟು ತಪ್ಪು, ನೀನೊಬ್ಬಳು ಸರಿಯೋ?" ಎಂದರು. "ಹೌದು ಆಶಾನೇ" ಅಂದೆ. ನಮ್ಮಂಗಡಿಗೆ ಯಾರೂ ಸೆಟ್ಟು ಕೊಡಕೂಡದೆಂದು ಕಟ್ಟು ಮಾಡಿ ಹೋದರು. ಬರುವ ಶುಕ್ರವಾರ ಟ್ರಾಲಿಂಗ್ ನಿಷೇಧ ಮುಗಿಯುತ್ತದೆ, ಎಲ್ಲರೂ ಕಡಲಿಗಿಳಿಯುತ್ತಾರೆ. ಲೂಯಿಯೂ. ಕೂಗಿದರೂ ಹೊರಗಿನವರಿಗೆ ತಿಳಿಯದ ಸೆಟ್ಟು ಕೊಟ್ಟು ಅವನನ್ನು ಕಳಿಸಲಾರೆ.

ವೇಳೆಗೆ ಸರಿಯಾಗಿ ಉಣ್ಣಿ. ಜಪಮಾಲೆ ಹಿಡಿದಾಗಲೆಲ್ಲ ನನಗೊಂದಿಷ್ಟು ಧೈರ್ಯ ಬೇಡಿಕೊಳ್ಳಿ.

ನಿಮ್ಮ ಮೊಂಡು ಮಗಳು,
ಬ್ರಿಜಿತ್ತಾ

ಮ.ವಿ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಆಶಾನ್ ಸೆಟ್ಟು ತಾನಾಗಿ ಸರಿದದ್ದಲ್ಲ. ಅದನ್ನು ಅಳೆದು ಕೂರಿಸಿದ ನಿಮ್ಮ ಮೀಟರೇ ಹಳತಾಗಿ ತಪ್ಪು ತೋರಿಸುತ್ತಿತ್ತು. ನಿನ್ನೆ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಎಲ್ಲರೆದುರು ಹೇಳಿಬಿಟ್ಟೆ: "ತಪ್ಪು ಆಶಾನ್‌ದಲ್ಲ, ನಮ್ಮಪ್ಪಂದು." ಅಮ್ಮಚ್ಚಿ ಮಾತು ಬಿಟ್ಟಿದ್ದಾಳೆ. ಸಂಜೆ ಆಶಾನ್ ತಾವೇ ಸೆಟ್ಟು ಹೊತ್ತು ತಂದು ಮೇಜಿನ ಮೇಲೆ ಕುಕ್ಕಿ ಹೋದರು. ಹಿಂದೆಯೇ ಬೇರೆ ಬೋಟುಗಳ ಹನ್ನೊಂದು ಸೆಟ್ಟುಗಳು ಬಂದವು. ಬೈಯಬೇಕೆನಿಸಿದರೆ ಮನಸಾರೆ ಬೈದು ಬರೆಯಿರಿ ಅಪ್ಪಚ್ಚಾ, ಆಡಿದ ಮಾತನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.