ಏಳನೆಯ ಹೆಸರು

ಠಾಕುರ್ಲಿ
11-10-1983, ಮಂಗಳವಾರ

ಚಿ. ಸೌ. ಬಾಲಮ್ಮನಿಗೆ,

ಠಾಕುರ್ಲಿಯಿಂದ ನಿನ್ನ ಚಿಗವ್ವ ಕಾಶವ್ವ ಬರೆಯುವುದು. ಆಶೀರ್ವಾದ ಅಂತ ಬರೆಯಲು ಹೋದೆ, ಕೈ ತಡೆಯಿತು. ಪತ್ರ ಪೂರ್ತಿ ಓದಿದ ಮೇಲೆ ನಿನಗೆ ಬೇಕೆನಿಸಿದರೆ ತಗೋ, ನಾನಂತೂ ಕೊಟ್ಟೇ ಇದ್ದೇನೆ.

ನಾವು ಕ್ಷೇಮ. ನಿಮ್ಮ ಕಾಕಾನ ಮೊಣಕಾಲು ನೋವು ಹಾಗೇ ಇದೆ, ಆದರೂ ದಿನಾ ಸ್ಟೇಷನ್ ತನಕ ಹೋಗಿ ಯಾವ ಲೋಕಲ್ ಎಷ್ಟು ತಡ ಅಂತ ನೋಡಿಕೊಂಡು ಬರುತ್ತಾರೆ, ರಿಟೈರ್ ಆದವರಿಗೆ ಅದೇ ನೌಕರಿ. ಘಟ ಕೂರಿಸಿ ಐದು ದಿನವಾಯಿತು, ಸಸಿ ಬೆರಳುದ್ದ ಬಂದಿವೆ. ವಾಡಿಯಲ್ಲಿ ನೀನೂ ಕೂರಿಸಿರಬೇಕು.

ಲಕೋಟೆ ದಪ್ಪವಾಗಿದೆ. ಒಳಗೆ ಎರಡು ಕಾಗದ ಇಟ್ಟಿದ್ದೇನೆ. ಒಂದು, ನೀನು ಹೋದ ವಾರ ಕಳಿಸಿದ ಅಫಿಡವಿಟ್. ಅದನ್ನು ನಾನು ಕೋರ್ಟಿಗೆ ಕೊಡಲಿಲ್ಲ. ಅಳಿಯ ಮಾಪಣ್ಣ ರಜೆ ಹಾಕಿ, ನಿನ್ನನ್ನು ಚಿತ್ತಾಪುರಕ್ಕೆ ಕರೆದುಕೊಂಡು ಹೋಗಿ, ಬಿಸಿಲಲ್ಲಿ ನಿಂತು ಮಾಡಿಸಿದ ಕಾಗದ ಅದು ಅಂತ ನನಗೆ ಗೊತ್ತು. ಜೊತೆಗೆ ನೀನು ಚೀಟಿಯಲ್ಲಿ ಬರೆದಿದ್ದೆಯಲ್ಲ, "ಚಿಗವ್ವಾ, ನಂಗ ಅಷ್ಟ ನೆಪ್ಪಿಲ್ಲ, ಖರೆ ನೀ ಹೇಳಿದ ಮ್ಯಾಲ ಮುಗೀತು" ಅಂತ. ಆ ಒಂದು ಸಾಲು ನನಗೆ ನಾಲ್ಕು ದಿನ ಊಟ ಸೇರದ ಹಾಗೆ ಮಾಡಿತು. ಇನ್ನೊಂದು ಕಾಗದ ಮಡಚಿದ ಸಣ್ಣ ಚೀಟಿ. ಅದನ್ನು ಈಗ ಬಿಚ್ಚಬೇಡ, ನಾನು ಹೇಳಿದಾಗ ಬಿಚ್ಚು.

ಮೊದಲಿನಿಂದ ಹೇಳುತ್ತೇನೆ. ಕೆಲವು ನಿನಗೆ ಗೊತ್ತಿದ್ದದ್ದೇ.

ನಮ್ಮ ಚಾಳಿನ ಹೆಂಗಸರು ಡೊಂಬಿವ್ಲಿಯ ಕಾರ್ಖಾನೆಗಳಿಗೆ ಹೋಗುವಾಗ ಮಕ್ಕಳನ್ನು ಒಳಗೆ ಹಾಕಿ ಚಿಲಕ ಜಡಿದು ಹೋಗುತ್ತಿದ್ದರು. ನಿನ್ನವ್ವ, ನನ್ನ ಅಕ್ಕ ಈರವ್ವ, ಗಂಡ ಸತ್ತ ಮೇಲೆ ನನ್ನ ಮನೆಗೆ ಬಂದವಳು, ಬಂದ ಎಂಟು ದಿನಕ್ಕೆ ಆ ಚಿಲಕಗಳನ್ನೆಲ್ಲ ತೆಗೆಸಿ ಮಕ್ಕಳನ್ನು ಜಿನೆಯ ಮೆಟ್ಟಿಲ ಕೆಳಗೆ ಕೂರಿಸಿಕೊಂಡಳು. ಹಾಡು, ಕಥೆ, ಮಧ್ಯಾಹ್ನಕ್ಕೆ ಗಂಜಿ. ಹಳೆಯ ಮಾಲಕ ಒಳ್ಳೆಯವನು, ಕಲ್ಲಿದ್ದಲು ತುಂಬಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟ. ಸುಣ್ಣ ಹೊಡೆದವರು ನಾವೇ. ಅದೇ ನಮ್ಮ ಬಾಲವಾಡಿ, ಅದೇ ನಮ್ಮ ಅಕ್ಕನ ಬಳಗ.

ಆಗ ಠಾಣೆ ಊರಿನ ಕೋರ್ಟಿನಲ್ಲಿ ಐದು ಜನ ಎಳೆಯ ವಕೀಲರ ಒಂದು ಗುಂಪಿತ್ತು. ಸಂಘ ಕಟ್ಟಿಕೊಂಡ ಬಡವರಿಗೆ ಕಾಗದಪತ್ರ ಮಾಡಿಕೊಡುವುದು, ಬೇಕಾದರೆ ಕೋರ್ಟಿನಲ್ಲಿ ನಿಲ್ಲುವುದು, ಎಲ್ಲ ಪುಕ್ಕಟೆ. ಭಾನುವಾರ ಬಂತೆಂದರೆ ಒಬ್ಬರು ಕಲ್ಯಾಣದ ಚಮ್ಮಾರರ ಸೊಸೈಟಿಗೆ, ಒಬ್ಬರು ಬದಲಾಪುರದ ವಾಚನಾಲಯಕ್ಕೆ. ನಮ್ಮ ಪಾಲಿಗೆ ಬಂದವಳು ದಮಯಂತಿ. ಕೋಪರಿಯವಳು, ತಂದೆ ಹರಿಶ್ಚಂದ್ರ ಸ್ಟೇಷನ್ ಹತ್ತಿರ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು, ಮನೆಯಲ್ಲಿ ತುಳು. ಅವಳ ಕನ್ನಡ ಕೇಳಿ ಅಕ್ಕ ಮೊದಲ ದಿನವೇ ಅಂದಳು, "ಏನ ವಕೀಲಬಾಯಿ, ನೀ ಮಾತಾಡಿದ್ರ ಪುಸ್ತಕ ಓದಿದಂಗ ಆಕ್ಕೈತಿ." ಅವಳು ನಕ್ಕು, "ನೀವು ಮಾತಾಡಿದರೆ ಜಗಳ ಮಾಡಿದ ಹಾಗೆ ಆಗ್ತದೆ ಈರವ್ವ, ಪ್ರೀತಿಯೋ ಬೈಗುಳವೋ ಅಂತ ಗೊತ್ತೇ ಆಗುವುದಿಲ್ಲ" ಅಂದಳು. ಅಂದಿನಿಂದ ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಹಬ್ಬ.

ಕೋಣೆಯ ರಸೀದಿ ಬಳಗದ ಹೆಸರಿಗೆ ಆಗಬೇಕಾದರೆ ಬಳಗ ನೋಂದಣಿ ಆಗಬೇಕು, ನೋಂದಣಿಗೆ ಏಳು ಜನ ಬೇಕು ಅಂದಳು ದಮಯಂತಿ. ಏಳು ಹೆಸರು ಬರೆಸಿದೆವು. "ದುಡಿಯೋರ ಹೆಸರ ಮೊದಲ ಹಾಕ್ರಿ, ನಂದು ಕಡೀಕ ಇರಲಿ" ಅಂದಳು ಅಕ್ಕ. ಹಾಗಾಗಿ ಅವಳದು ಏಳನೆಯದು. ಕಿರಾಣಿ ಕಟ್ಟಿ ಬಂದ ಕಾಗದ ಓದಿ ಓದಿ ಅಕ್ಷರ ಕಲಿತವಳು ನಾನೊಬ್ಬಳೇ ಅಂತ ನನ್ನನ್ನು ಕಾರ್ಯದರ್ಶಿ ಮಾಡಿದರು. ಸಭೆಯ ನಡಾವಳಿ ಬರೆಯಲು ದಮಯಂತಿ ನನಗೊಂದು ಹಸಿರು ಪೆನ್ನು ಕೊಟ್ಟಳು. ಅದು ನನ್ನ ಸೊಂಟದ ಚೀಲ ಬಿಟ್ಟು ಕದಲಿದ್ದಿಲ್ಲ.

ಮುಂದೆ 1978ರ ಜೂನ್. ಅಕ್ಕನಿಗೆ ಎದೆಯಲ್ಲಿ ನೀರು ತುಂಬಿ ಕಲ್ಯಾಣದ ಆಸ್ಪತ್ರೆ ಸೇರಿದಳು, ನೀನು ವಾಡಿಯಿಂದ ಓಡಿ ಬಂದೆ. ಆ ಭಾನುವಾರ ಆರು ಜನ ಕೋಣೆಯಲ್ಲಿ ಕೂತು ಸೈ ಮಾಡಿದೆವು. ಏಳನೆಯದನ್ನು ಮಾಡಿಸಲು ನಾನು ಕಾಗದ ಮತ್ತು ಶಾಯಿಡಬ್ಬಿ ತಗೊಂಡು ಆಸ್ಪತ್ರೆಗೆ ಬಂದೆ. ಸೋಮವಾರ ಕಾಗದ ನೋಂದಣಿ ಕಚೇರಿಯ ಒಳಗೆ ಹೋಗಬೇಕಿತ್ತು. ಮಾಲಕ ಊರಿಗೆ ಹೊರಟಿದ್ದ, ಅಷ್ಟರೊಳಗೆ ಕಾಗದ ಕೊಟ್ಟ ಗುರುತು ತೋರಿಸಿದರೆ ರಸೀದಿ ಬರೆದುಕೊಡುತ್ತೇನೆ ಅಂದಿದ್ದ.

ನೀನು ಎಳನೀರು ತರಲು ಕೆಳಗೆ ಹೋಗಿದ್ದೆ. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಶಾಯಿಡಬ್ಬಿ ನೋಡಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಹೊಲ ಮಾರೂ ಕಾಗದಕ್ಕ ಹೆಬ್ಬಟ್ಟ ಒತ್ತೀನಿ, ಗಂಡ ಸತ್ತ ಕಾಗದಕ್ಕೂ ಒತ್ತೀನಿ. ಇದಕ್ಕ ಒತ್ತಂಗಿಲ್ಲ ತಂಗಿ. ಇದು ನಾ ಕಟ್ಟಿದ್ದು. ಪೆನ್ನ ಕೊಡು, ಹೆಸರ ಬರೀತೀನಿ."

ನಿನಗೆ ಗೊತ್ತಿತ್ತೋ ಇಲ್ಲವೋ, ಅವಳು ಬಾಲವಾಡಿಯ ಮಕ್ಕಳ ಪಾಟಿಯ ಮೇಲೆ ತನ್ನ ಹೆಸರು ತಿದ್ದುತ್ತಿದ್ದಳು. ತಪ್ಪಿದರೆ ಮಕ್ಕಳು "ಆಜಿ ಚುಕಲಿ! ಆಜಿ ಚುಕಲಿ!" ಅಂತ ಚಪ್ಪಾಳೆ ತಟ್ಟುತ್ತಿದ್ದವು, ಅವಳೂ ತಟ್ಟುತ್ತಿದ್ದಳು. ನನಗೆ ಅದೊಂದು ಆಟ ಅನಿಸಿತ್ತು. ಒಂದು ದಿನವೂ ಹತ್ತಿರ ಕೂತು ಕೈ ಹಿಡಿದು ತಿದ್ದಿಸಲಿಲ್ಲ.

ನನ್ನ ಹತ್ತಿರ ಆ ದಿನ ಪೆನ್ನು ಇರಲಿಲ್ಲ. ಇಲ್ಲ ಅಂದೆ. "ಹಂಗಾರ ನಾಳಿ ತಾ" ಅಂದಳು. ನಾಳೆ ಆಗುವುದಿಲ್ಲ, ಒತ್ತು ಅಂದೆ. ಒತ್ತಲಿಲ್ಲ. "ಈ ವಯಸ್ಸಿನಾಗ ನೀ ಏನ್ ಮಾಸ್ತರಕಿ ಆಗಾಕಿ?" ಅಂತ ನಾನು ಅಂದುಬಿಟ್ಟೆ. ರೋಗದ ಹಾಸಿಗೆಯಲ್ಲಿ ಕೂತವಳಿಗೆ. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ನಾನು ಹೊರಗೆ ಬಂದು ವರಾಂಡದ ಬಾಕಿನ ಮೇಲೆ ಕೂತು ಕಾಗದವನ್ನು ತೊಡೆಯ ಮೇಲಿಟ್ಟೆ. ಬಾಲಮ್ಮ, ಸೈ ಮಾಡಲು ಬರುವವಳ ಹೆಬ್ಬೆಟ್ಟು ಯಾರಿಗೂ ಬೇಕಾಗುವುದಿಲ್ಲ. ನನ್ನದು ಇಪ್ಪತ್ತು ವರ್ಷದಿಂದ ಸುಮ್ಮನೇ ಇತ್ತು. ಅದನ್ನು ಶಾಯಿಯಲ್ಲಿ ಅದ್ದಿ ನಿನ್ನವ್ವನ ಹೆಸರಿನ ಮುಂದೆ ಒತ್ತಿದೆ.

ಆಗಲೇ ನೀನು ಎಳನೀರು ಹಿಡಿದು ಜಿನೆ ಹತ್ತಿ ಬಂದೆ. "ಬಟ್ಟಿಗೇನ ಬಡೀತು ಚಿಗವ್ವಾ?" ಅಂತ ಕೇಳಿದೆ. ನಿಮ್ಮವ್ವನ ಬೆರಳು ಹಿಡಿದು ಒತ್ತಿಸಿದೆನಲ್ಲ, ಹತ್ತಿತು ಅಂದೆ. ನೀನು ನಿನ್ನ ಸೆರಗಿನಿಂದಲೇ ನನ್ನ ಬೆರಳು ಒರೆಸಿದೆ.

ಸಂಜೆ ಕೋಪರಿಗೆ ಹೋಗಿ ದಮಯಂತಿಗೆ ಕಾಗದ ಕೊಟ್ಟೆ. ಅವಳು ಬೆಳಿಗ್ಗೆಯಿಂದ ನಾಲ್ಕು ಸಂಘ ಸುತ್ತಿ ಬಂದು ಕಾಲು ನೀಡಿ ಕೂತಿದ್ದಳು. "ಇಲ್ಲಿ ನನ್ನ ಎದುರಿಗೆ ಒತ್ತಿದರು ಅಂತ ಬರೆದು ಸಾಕ್ಷಿ ಹಾಕಬೇಕು ನಾನು. ನಾನೇ ಬರಬೇಕಿತ್ತು. ನೀವು ಕಣ್ಣಾರೆ ನೋಡಿದ್ದೀರಲ್ಲ ಅಮ್ಮ?" ಅಂತ ಕೇಳಿದಳು. ಹೂಂ ಅಂದೆ. ಹೆಬ್ಬೆಟ್ಟು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ, ಯಾರದು ಅಂತ ಅವಳು ಕೇಳಲಿಲ್ಲ. ನನ್ನ ಮಾತಿನ ಮೇಲೆ ಸೈ ಹಾಕಿದಳು.

ಬುಧವಾರ ಅಕ್ಕ ಹೋದಳು. ನೀನು ಅವಳ ಕೈ ತೊಳೆಯುವಾಗ ನಾನು ನೀರು ಹಾಕುತ್ತಿದ್ದೆ. ಹೆಬ್ಬೆಟ್ಟಿನಲ್ಲಿ ಕಪ್ಪು ಶಾಯಿಯ ಗುರುತೂ ಇರಲಿಲ್ಲ. ಪಕ್ಕದ ಬೆರಳ ತುದಿಯಲ್ಲಿ ನೀಲಿ ಕಲೆ ಇತ್ತು. ನೀನು ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದೆ. ಅಳುವಿನಲ್ಲಿ ಸುಮ್ಮನೆ ನೋಡಿದೆಯೋ ಏನೋ, ನಾನಂತೂ ಆ ನೋಟವನ್ನು ಐದು ವರ್ಷ ಹೊತ್ತಿದ್ದೇನೆ.

ಈಗಿನ ಸಂಗತಿ ನನ್ನ ಹೋದ ಪತ್ರದಲ್ಲಿ ಅರ್ಧ ಬರೆದಿದ್ದೆ. ಹೊಸ ಮಾಲಕ ಕೋಣೆ ಬಿಡಿಸಲು ಕೋರ್ಟಿಗೆ ಹೋಗಿದ್ದಾನೆ. ಈರವ್ವ ಅನ್ನುವ ಮುದುಕಿ ಆಗ ಸಾಯುವ ಸ್ಥಿತಿಯಲ್ಲಿದ್ದಳು, ಹೆಬ್ಬೆಟ್ಟು ಅವಳದಲ್ಲ, ಏಳರಲ್ಲಿ ಒಂದು ಹೋದರೆ ಆರು, ಆರು ಜನರದು ಸಂಘವೇ ಅಲ್ಲ, ರಸೀದಿಯೂ ಸುಳ್ಳು ಅಂತ ಅವನ ವಾದ. ಆಸ್ಪತ್ರೆಯ ಕಾಗದದಲ್ಲಿರುವ ಹೆಬ್ಬೆಟ್ಟಿಗೆ ಹೋಲಿಸಿ ನೋಡಲಿ ಅಂತ ಅರ್ಜಿ ಹಾಕಿದ್ದಾನೆ. ದಮಯಂತಿ ಹೆದರಲಿಲ್ಲ. "ಮಗಳು ಅಲ್ಲೇ ಇದ್ದರಲ್ಲ, ಅವರದೊಂದು ಅಫಿಡವಿಟ್ ತರಿಸಿ, ಸಾಕು" ಅಂದಳು. ನಾನು ನಿನಗೆ ಬರೆದೆ. ನನ್ನ ಕಣ್ಣೆದುರು ಅವ್ವ ಒತ್ತಿದಳು ಅಂತ ಬರೆದುಕೊಡು ಅಂತ, ದೇವರ ಮೇಲೆ ಆಣೆ ಹಾಕಿ ಹೇಳುವ ಮಾತನ್ನು, ನಾನು ನಿನ್ನ ಬಾಯಲ್ಲಿ ಇಟ್ಟೆ. ಮಗಳೇ, ಹೆಬ್ಬೆಟ್ಟಿಗಿಂತ ಇದು ದೊಡ್ಡ ಪಾಪ.

ಮೊನ್ನೆ ಭಾನುವಾರ ದಮಯಂತಿ ಬಂದಳು. ಕೋಣೆಯಲ್ಲಿ ನಾವಿಬ್ಬರೇ. ಅವಲಕ್ಕಿ ಕೊಟ್ಟೆ, ಅವಳು ಒಂದು ತುತ್ತು ತಿಂದಿದ್ದಳು, ಅಷ್ಟರಲ್ಲಿ ಎಲ್ಲ ಹೇಳಿಬಿಟ್ಟೆ. ತಟ್ಟೆ ಕೆಳಗಿಟ್ಟಳು. ಗೋಡೆಯ ಮೇಲಿನ ಮಕ್ಕಳ ಚಿತ್ರ ನೋಡುತ್ತ ಕೂತಳು. ಬೈಯಲಿ ಅಂತ ಕಾದೆ.

"ನೀವು ಒತ್ತಿದಿರಿ. ನೋಡದೆ ನನ್ನ ಎದುರಿಗೆ ಅಂತ ಬರೆದವಳು ನಾನು. ನನ್ನದೇ ದೊಡ್ಡದು ಮಾರಾಯ್ರೆ, ನಾನು ಕಾನೂನು ಕಲಿತವಳಲ್ಲವಾ?"

ನಿನ್ನ ವಕೀಲಿ ಸನದು ಹೋಗುತ್ತದೆಯೇ ಅಂತ ಕೇಳಿದೆ. "ಗೊತ್ತಿಲ್ಲ ಅಮ್ಮ. ಹೋಗುವುದಾದರೆ ನಾನೊಬ್ಬಳೇ ಹೋಗ್ತೇನೆ, ಆ ಮಗಳನ್ನು ಎಳೆಯುವುದು ಬೇಡ. ಅಫಿಡವಿಟ್ ವಾಪಸ್ಸು ಕಳಿಸಿ." ಆಮೇಲೆ ತಡೆದು ಅಂದಳು, "ಹದಿನೇಳು ಸಂಘಗಳ ಕಾಗದದಲ್ಲಿ ನನ್ನ ಸಾಕ್ಷಿ ಉಂಟು. ಚಮ್ಮಾರರದೂ ಉಂಟು. ಇನ್ನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡ್ತಾರೆ." ಐದು ವರ್ಷ ಒಂದು ಪೈಸೆ ಮುಟ್ಟದೆ ಬಂದವಳಿಗೆ ನಾನು ಕೊಟ್ಟದ್ದು ಇದು.

ಇಪ್ಪತ್ತನೇ ತಾರೀಖು ಅವಳು ತಾನಾಗಿಯೇ ಕೋರ್ಟಿನಲ್ಲಿ ಹೇಳುತ್ತಾಳೆ. ನಾನೂ ಜೊತೆಗೆ ನಿಲ್ಲುತ್ತೇನೆ.

ನಿನ್ನೆ ಬಳಗದ ಹೆಂಗಸರಿಗೂ ಹೇಳಿದೆ. ಕಾಳವ್ವ ಬಿಡುತ್ತಾಳೆಯೇ? "ಪಗಾರಿಲ್ಲದ ನೌಕರಿ ಅಂತ ಸುಳ್ಳನ್ನ ಪಗಾರ ಮಾಡ್ಕೊಂಡಿ ಏನವ್ವ ಕಾರ್ಯದರ್ಶಿ?" ಅಂದಳು. ತಲೆ ತಗ್ಗಿಸಿದೆ. ಮತ್ತೆ ಅವಳೇ, "ಬೈಯೂದು ಆಮ್ಯಾಲ. ಕೋಣಿ ಹೋದ್ರ ಹುಡುಗರನ್ನ ನನ್ನ ಪಡಸಾಲ್ಯಾಗ ಕೂಡ್ರಸ್ರಿ" ಅಂದಳು. ಬೇರೆ ಏಳು ಜನ ಸೇರಿ ಹೊಸದಾಗಿ ನೋಂದಣಿ ಮಾಡಿಸುತ್ತಾರೆ. ದಮಯಂತಿಯ ಗುಂಪಿನ ಇನ್ನೊಬ್ಬ ವಕೀಲರು, ವಿಷ್ಣುಮೂರ್ತಿ ಅಂತ, ಬಂದು ಪ್ರತಿಯೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಸೈ ಹಾಕಿಸುತ್ತಾರಂತೆ. ಅದರಲ್ಲಿ ನನ್ನ ಹೆಸರಿಲ್ಲ, ನಾನೇ ಬೇಡ ಅಂದೆ.

ಬಾಲಮ್ಮ, ಅದರಲ್ಲಿ ನಿನ್ನವ್ವನ ಹೆಸರೂ ಇರುವುದಿಲ್ಲ. ಸತ್ತವರ ಹೆಸರು ಹಾಕಲು ಬರುವುದಿಲ್ಲ. ಹಳೆಯ ಕಾಗದ ರದ್ದಾದರೆ ಈ ಬಳಗ ಕಟ್ಟಿದವಳು ಈರವ್ವ ಅಂತ ಸರ್ಕಾರದ ಯಾವ ಕಾಗದವೂ ಹೇಳುವುದಿಲ್ಲ. ಮಕ್ಕಳಿಗೆ ತೋರಿಸಲು ಅವ್ವನ ಹೆಸರಿರುವ ಆ ಪುಟದ ನಕಲು ಬೇಕು ಅಂತ ನೀನು ಎರಡು ಸಲ ಕೇಳಿದ್ದೆ, ನಾನು ಏನೋ ನೆವ ಹೇಳಿದ್ದೆ. ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಈಗ ಆ ಚೀಟಿ ಬಿಚ್ಚು. ಆಸ್ಪತ್ರೆಯ ಔಷಧಿ ಚೀಟಿಯ ಹಿಂಬದಿ ಅದು. ಬುಧವಾರ ಅಕ್ಕನ ಬಟ್ಟೆ ಕೊಡುವಾಗ ನರ್ಸು ನನ್ನ ಕೈಗೆ ಕೊಟ್ಟಳು. ಸೋಮವಾರ ನೀನು ಹೊರಗೆ ಹೋದಾಗಲೆಲ್ಲ ನಿನ್ನವ್ವ ಅವಳ ಪೆನ್ನು ಬೇಡಿ ತಗೊಂಡು ತನ್ನ ಹೆಸರು ಬರೆದಳಂತೆ. ಎಣಿಸಿ ನೋಡು, ಹನ್ನೊಂದು ಸಲ. ಮೊದಲಿನವು ಅಂಕುಡೊಂಕು, ಕೊನೆಯದು ನೆಟ್ಟಗಿದೆ. ಐದು ವರ್ಷ ಪಂಚಾಂಗದ ಒಳಗೆ ಬಚ್ಚಿಟ್ಟಿದ್ದೆ. ನಿನ್ನ ಆಸ್ತಿ ಅದು, ನನಗೆ ಅದನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ಅಫಿಡವಿಟ್ ಹರಿದು ಒಲೆಗೆ ಹಾಕು.

ದಸರೆಗೆ ಸಣ್ಣವರು ದೊಡ್ಡವರಿಗೆ ಬನ್ನಿ ಕೊಟ್ಟು ಕಾಲು ಮುಟ್ಟುವುದು ವಾಡಿಕೆ. ಈ ಸಲ ನನ್ನ ಬನ್ನಿ ನೀನು ತಗೋ. ಬಂಗಾರದ ಹಾಗೆ ಇರೋಣ ಅಂತ ಕೇಳಲು ನನಗೆ ಬಾಯಿಲ್ಲ. ಮಾತು ಬಿಡಬೇಡ, ಅಷ್ಟೇ. ಬೈದಾದರೂ ಒಂದು ಕಾರ್ಡು ಹಾಕು.

ನಿನ್ನವ್ವನ ತಂಗಿ,
ಕಾಶವ್ವ

ತಾ.ಕ.: ಪತ್ರ ಮಡಚಿ ಅಂಟು ಹಚ್ಚಲು ಹೋದವಳು ಮತ್ತೆ ಬಿಚ್ಚಿದೆ. ದಮಯಂತಿಗೂ ಹೇಳದ ಮಾತು ಒಂದು ಉಳಿದಿದೆ. ಆ ದಿನ ಪೆನ್ನು ಇರಲಿಲ್ಲ ಅಂತ ಮೇಲೆ ಬರೆದಿದ್ದೇನೆ, ಅವಳಿಗೂ ಹಾಗೇ ಹೇಳಿದ್ದೇನೆ. ಪೆನ್ನು ಇತ್ತು. ಸೊಂಟದ ಚೀಲದಲ್ಲೇ ಇತ್ತು, ಅಕ್ಕ ಕೈ ಚಾಚಿದಾಗ ನಾನು ಚೀಲದ ಮೇಲೆ ಸೆರಗು ಎಳೆದುಕೊಂಡೆ. ಇಡೀ ಚಾಳು ಅವಳನ್ನು ಪ್ರೀತಿಸುತ್ತಿತ್ತು, ಬಾಲಮ್ಮ. ನನ್ನದು ಅಂತ ಇದ್ದದ್ದು ಸೈ ಒಂದೇ. ಈ ಪತ್ರ ಬರೆದದ್ದೂ ಅದೇ ಪೆನ್ನಿನಿಂದ.