ಅವ್ವನ ಮುಖದ ಮೇಲಿನ ಹೆಸರು

ಮಂಗಳವಾರ, ಆಗಸ್ಟ್ ೧೨, ಭಾಂಡುಪ್

ಸಿಟ್ಟು ಇನ್ನೂ ಇಳಿದಿಲ್ಲ. ಗೋರೆಗಾಂವ್‌ನ ಆ ಹಿಟ್ಟಿನ ಕಂಪನಿಯವನು ನನ್ನ ವಿಡಿಯೊವನ್ನೇ ಜಾಹೀರಾತು ಮಾಡಿ ಬಿಟ್ಟಿದ್ದಾನೆ. “ಪೆಹಲೇ ಸ್ಯಾಂಪಲ್ ದಿಖಾವೋ, ಕಾಮ್ ಪಕ್ಕಾ” ಅಂದಿದ್ದ. ಸ್ಯಾಂಪಲ್ ತೋರಿಸಿದರೆ ಕೆಲಸ ನನಗೇ ಎಂದು ನಂಬಿ, ಅವ್ವ ರೊಟ್ಟಿ ಬಡಿಯುವುದನ್ನೇ ಚಿತ್ರಿಸಿ ಪುಕ್ಕಟೆ ಮಾಡಿಕೊಟ್ಟೆ. ಹೋದ ವಾರ, ಹಿಡಿಸಲಿಲ್ಲ ಎಂದು ಮೆಸೇಜು ಹಾಕಿದ.

ಸ್ಯಾಂಪಲ್ ಕಳಿಸುವಾಗ ಯಾರೂ ಕದಿಯದಂತೆ ಚಿತ್ರದ ಮೇಲೆ ಅಡ್ಡಲಾಗಿ ಹೆಸರು ಹಾಕಬೇಕು. ನಮ್ಮ ಕಸುಬಿನ ಮೊದಲ ಪಾಠವೇ ಅದು. ಹಾಕಿಯೂ ಇದ್ದೆ. ಆದರೆ ರೊಟ್ಟಿ ಬಡಿಯುತ್ತ ಅವ್ವ ಒಮ್ಮೆ ತಲೆಯೆತ್ತಿ ನಗುತ್ತಾಳಲ್ಲ, ನನ್ನ ಹೆಸರು ಸರಿಯಾಗಿ ಅವಳ ಮುಖದ ಮೇಲೆಯೇ ಬರುತ್ತಿತ್ತು. ನೋಡಲಾಗಲಿಲ್ಲ. ಅಳಿಸಿ ಕಳಿಸಿದೆ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ!

ಫೋನ್ ಮಾಡಿದರೆ, “ಅರೆ ಭಾಯ್, ಆಪ್‌ಕೀ ಭೀ ತೋ ಪಬ್ಲಿಸಿಟಿ ಹೋ ಗಯೀ” ಅನ್ನುತ್ತಾನೆ. ನನಗೂ ಪಬ್ಲಿಸಿಟಿ ಸಿಕ್ಕಿತಂತೆ, ಎಲ್ಲಿ? ಅದರಲ್ಲಿ ನನ್ನ ಹೆಸರೇ ಇಲ್ಲ.

ಅವ್ವನ ಮುಂದೆ ಅವನನ್ನು ಬೈದು ಹಗುರಾಗೋಣವೆಂದು ಮನೆಗೆ ಬಂದರೆ, ಚಾಳಿನ ಹೆಂಗಸರೆಲ್ಲ ನಮ್ಮ ಬಾಗಿಲಲ್ಲೇ ನೆರೆದಿದ್ದರು. ಪಕ್ಕದ ಮನೆಯ ರಹೀಮಾ ತನ್ನ ಫೋನಿನಲ್ಲಿ ಅದೇ ಜಾಹೀರಾತು ತೋರಿಸುತ್ತಿದ್ದಳು.

“ನನ್ನ ಮಗಾನ ತಗದಾನ ಇದನ್ನ,” ಎಂದು ಅವ್ವ ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ನನ್ನನ್ನು ಕಂಡವಳೇ, “ಕಂಪನಿಯವ್ರಿಗೆ ಭಾಳ ಸೇರೈತಿ ನೋಡು. ಮುಂದಿನ ವಿಡಿಯೊಕ್ಕ ಹಸರ ಸೀರಿ ಉಡಲೇನು?” ಅಂದಳು.

“ಉಡು” ಅಂದೆ.

ಈಗ ಆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಗೂಟಕ್ಕೆ ಹಾಕಿ ಮಲಗಿದ್ದಾಳೆ. ಚೆಂಬೂರಿನ ಹೋಟೆಲಿನವನೊಬ್ಬನ ಮೆಸೇಜು ಬಂದಿದೆ. ಅವನಿಗೂ ಮೊದಲು ಸ್ಯಾಂಪಲ್ ಬೇಕಂತೆ. ಆಗುವುದಿಲ್ಲ ಎಂದು ಟೈಪ್ ಮಾಡಿದ್ದೇನೆ. ಕಳಿಸಬೇಕು. ಆದರೆ ಎದುರಿಗೇ ಆ ಸೀರೆ ನೇತಾಡುತ್ತಿದೆ; ಇನ್ನೂ ಕಳಿಸಿಲ್ಲ.